ಇಂಟರ್‌ನೆಟ್ ಆರ್ಕೈವ್ ಎಪಿಐ: ಇರುವ ಕನ್ನಡ ಪುಸ್ತಕಗಳೂ ಹುಡುಕಾಟದಲ್ಲಿ ಏಕೆ ಸಿಗುವುದಿಲ್ಲ?

ಪ್ರಸಂಗಪ್ರತಿ

ಎಲ್ಲರಿಗೂ ನಮಸ್ಕಾರ. ಕರಾವಳಿಯ ಹಳೆಯ ಯಕ್ಷಗಾನ ಪ್ರಸಂಗ ಪುಸ್ತಕಗಳ ಪೈಕಿ ಯಾವುವು ಇಂಟರ್‌ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯದಲ್ಲಿ ಈಗಾಗಲೇ ಇವೆ ಎಂಬ ಪಟ್ಟಿಯೊಂದನ್ನು ನಮ್ಮ ಬಳಗಕ್ಕಾಗಿ ಸಿದ್ಧಪಡಿಸುತ್ತಿದ್ದೇನೆ. ಬೇರೆಯವರು ಆಗಲೇ ಸ್ಕ್ಯಾನ್ ಮಾಡಿ ಏರಿಸಿರುವ ಪ್ರತಿಗೆ ನಾವು ಮತ್ತೆ ಶ್ರಮಪಡಬಾರದು, ಎಲ್ಲಿಯೂ ಸಿಗದ ಪ್ರತಿಗಳಿಗೆ ಮೊದಲ ಸರದಿ ಸಿಗಬೇಕು ಎಂಬುದಷ್ಟೇ ಉದ್ದೇಶ. ಜಾಲತಾಣದ ಹುಡುಕು ಪೆಟ್ಟಿಗೆಯಲ್ಲಿ ಒಂದೊಂದೇ ಹೆಸರು ಹಾಕುತ್ತ ಕೂರುವುದು ಮುಗಿಯುವ ಕೆಲಸವಲ್ಲವೆನಿಸಿ, ಅವರ ಎಪಿಐ (ಪ್ರೋಗ್ರಾಂಗಳು ಸರ್ವರಿನಿಂದ ನೇರವಾಗಿ ಮಾಹಿತಿ ಕೇಳುವ ದಾರಿ) ಬಳಸುವ ಸಣ್ಣ ಪೈಥಾನ್ ಸ್ಕ್ರಿಪ್ಟ್ ಒಂದನ್ನು ಬರೆದಿದ್ದೇನೆ.

ತೊಂದರೆ ಇಲ್ಲಿದೆ. ‘ಯಕ್ಷಗಾನ’ ಎಂದು ಕನ್ನಡ ಲಿಪಿಯಲ್ಲಿ ಕೇಳಿದರೆ ಒಂದು ಪಟ್ಟಿ ಬರುತ್ತದೆ, ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕೇಳಿದರೆ ಬಹುತೇಕ ಬೇರೆಯದೇ ಪಟ್ಟಿ ಬರುತ್ತದೆ. ಭಾಷೆ ಕನ್ನಡವೇ ಆಗಿರಬೇಕು ಎಂಬ ಷರತ್ತನ್ನು ಸೇರಿಸಿದರೆ ಮೊದಲು ಕಂಡಿದ್ದ ಕೆಲವು ಪುಸ್ತಕಗಳು ಮಾಯವಾಗುತ್ತವೆ. ಲಿಂಕ್ ಕೈಯಲ್ಲೇ ಇರುವ, ತೆರೆದು ಓದಿದ ಪುಸ್ತಕವೂ ನನ್ನ ಸ್ಕ್ರಿಪ್ಟಿಗೆ ಕಾಣಿಸುವುದಿಲ್ಲ. ಕೇಳುವ ಕ್ರಮದಲ್ಲೇ ಏನಾದರೂ ಬೇರೆ ರೀತಿ ಇದೆಯೇ? ಅಥವಾ ಅಲ್ಲಿನ ಹುಡುಕಾಟ ಕನ್ನಡಕ್ಕೆ ಸರಿಯಾಗಿ ಒಗ್ಗಿಲ್ಲವೇ?

ಕಡತಕೋಶ

ಹುಡುಕಾಟ ಕೆಟ್ಟಿಲ್ಲ. ನೀವು ಎರಡು ಬೇರೆ ಕೆಲಸಗಳನ್ನು ಒಂದೇ ಪ್ರಶ್ನೆಯಿಂದ ಮಾಡಿಸಿಕೊಳ್ಳಲು ನೋಡುತ್ತಿದ್ದೀರಿ ಎಂದು ತೋರುತ್ತದೆ. ಆರ್ಕೈವ್‌ನಲ್ಲಿ ಹುಡುಕುವ ದಾರಿ ಒಂದು, ತರಿಸಿಕೊಳ್ಳುವ ದಾರಿ ಇನ್ನೊಂದು. ಅಲ್ಲಿನ ಪ್ರತಿಯೊಂದು ವಸ್ತುವಿಗೂ, ಅದು ಪುಸ್ತಕವಿರಲಿ ಧ್ವನಿಮುದ್ರಿಕೆಯಿರಲಿ, ಐಡೆಂಟಿಫೈಯರ್ ಎಂಬ ಗುರುತುಹೆಸರು ಇರುತ್ತದೆ, ಮತ್ತು ಒಂದೇ ಐಡೆಂಟಿಫೈಯರ್ ಎರಡು ವಸ್ತುಗಳಿಗೆ ಇರುವುದಿಲ್ಲ. ಐಡೆಂಟಿಫೈಯರ್ ಗೊತ್ತಿದ್ದರೆ ಮೆಟಾಡೇಟಾ (ವಸ್ತುವಿನ ವಿವರಗಳ) ಎಪಿಐಗೆ ಅದೊಂದನ್ನೇ ಕೊಟ್ಟು ಆ ವಸ್ತುವಿನ ಪೂರ್ಣ ದಾಖಲೆಯನ್ನು ಜೆಸನ್ ಎಂಬ, ಯಂತ್ರಗಳು ಸುಲಭವಾಗಿ ಓದುವ ಪಠ್ಯ ರೂಪದಲ್ಲಿ ಪಡೆಯಬಹುದು: ಶೀರ್ಷಿಕೆ, ಕರ್ತೃ, ಏರಿಸಿದ ದಿನಾಂಕ, ಒಳಗಿರುವ ಪ್ರತಿ ಕಡತದ ಹೆಸರು, ಗಾತ್ರ, ಕಡತ ಕೆಟ್ಟಿಲ್ಲವೆಂದು ಪರೀಕ್ಷಿಸುವ ಎಂಡಿ5 ಮೊತ್ತ ಎಲ್ಲವೂ ಅದರಲ್ಲಿರುತ್ತವೆ. ಇಲ್ಲಿ ಊಹೆಗೆ ಜಾಗವಿಲ್ಲ.

ಹುಡುಕಾಟದ ಎಪಿಐ ಹಾಗಲ್ಲ. ಅದು ಏರಿಸಿದವರು ತುಂಬಿದ ಫೀಲ್ಡುಗಳ (ಶೀರ್ಷಿಕೆ, ಭಾಷೆಯಂಥ ಮಾಹಿತಿ ಕಲಂಗಳ) ಸೂಚಿಯನ್ನು ನೋಡಿ ಉತ್ತರ ಹೇಳುತ್ತದೆ. ತುಂಬಿದವರು ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ವಿಷಯದ ಫೀಲ್ಡನ್ನು ಖಾಲಿ ಬಿಟ್ಟಿದ್ದರೆ, ನೀವು ಕನ್ನಡದಲ್ಲಿ ಎಷ್ಟು ಸರಿಯಾಗಿ ಕೇಳಿದರೂ ಅದು ‘ಇಲ್ಲ’ ಎಂದೇ ಹೇಳುತ್ತದೆ. ಭಾಷೆಯ ಫೀಲ್ಡಿನದೂ ಇದೇ ಪಾಡು: ಕೆಲವರು ಐಎಸ್‌ಒ 639-2ರ ಮೂರಕ್ಷರದ ಸಂಕೇತವನ್ನು ಹಾಕುತ್ತಾರೆ, ಕೆಲವರು ಭಾಷೆಯ ಹೆಸರನ್ನು ಪೂರ್ತಿ ಬರೆಯುತ್ತಾರೆ, ಕೆಲವರು ಏನನ್ನೂ ಹಾಕುವುದಿಲ್ಲ. ನಿಮ್ಮ ಷರತ್ತಿನಲ್ಲಿ ಇವುಗಳಲ್ಲಿ ಒಂದೇ ರೂಪ ಇದ್ದದ್ದರಿಂದ ಉಳಿದವು ಮಾಯವಾಗಿವೆ.

ನನ್ನ ಸಲಹೆ ಇಷ್ಟು. ಸರ್ವರಿಗೆ ಅಗಲವಾದ ಪ್ರಶ್ನೆಯನ್ನು ಕೇಳಿ, ಅಂದರೆ ಪಠ್ಯ ವರ್ಗದಲ್ಲಿ ಕನ್ನಡದ್ದಿರಬಹುದಾದ ಎಲ್ಲವನ್ನೂ ಐಡೆಂಟಿಫೈಯರ್, ಶೀರ್ಷಿಕೆ, ಕರ್ತೃ, ವಿಷಯ ಎಂಬ ನಾಲ್ಕೈದು ಫೀಲ್ಡುಗಳೊಂದಿಗೆ ಮಾತ್ರ ತರಿಸಿಕೊಳ್ಳಿ. ಪ್ರಸಂಗ ಪುಸ್ತಕ ಯಾವುದು, ಅಲ್ಲದ್ದು ಯಾವುದು ಎಂಬ ಸೂಕ್ಷ್ಮ ಆಯ್ಕೆಯನ್ನು ನಿಮ್ಮ ಕಂಪ್ಯೂಟರಿನಲ್ಲಿ, ನಿಮ್ಮ ನಿಯಮಗಳ ಪ್ರಕಾರ ಮಾಡಿಕೊಳ್ಳಿ.

ಪೈಥಾನ್ ಪಡಸಾಲೆ

ಕಡತಕೋಶ ಅವರು ಹೇಳಿದ್ದು ಸರಿಯಾದರೂ, ಇಷ್ಟು ಸಣ್ಣ ವಿಷಯಕ್ಕೆ ಕನ್ನಡದ ಪಟ್ಟಿಯನ್ನೆಲ್ಲ ಇಳಿಸಿಕೊಳ್ಳುವುದು ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಆರ್ಕೈವ್‌ನ ಪ್ರಶ್ನೆಗಳು ಲೂಸೀನ್ ಎಂಬ ಹುಡುಕಾಟ ತಂತ್ರಾಂಶದ ಮಾದರಿಯವು. ಫೀಲ್ಡಿನ ಹೆಸರು, ಕೋಲನ್, ಬೇಕಾದ ಪದ ಎಂದು ಬರೆದು ‘ಮತ್ತು’, ‘ಅಥವಾ’, ‘ಅಲ್ಲ’ಗಳಿಂದ ಜೋಡಿಸಬಹುದು, ಆವರಣಗಳಲ್ಲಿ ಗುಂಪು ಮಾಡಬಹುದು, ನಕ್ಷತ್ರ ಚಿಹ್ನೆಯಿಂದ ಪದದ ಉಳಿದ ಭಾಗವನ್ನು ತೆರೆದಿಡಬಹುದು. ಯಕ್ಷಗಾನ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ನಾಲ್ಕಾರು ರೀತಿಗಳನ್ನೂ ಕನ್ನಡ ಲಿಪಿಯ ರೂಪವನ್ನೂ ‘ಅಥವಾ’ದಿಂದ ಜೋಡಿಸಿ, ಭಾಷೆಯ ಷರತ್ತಿನಲ್ಲಿ ಸಂಕೇತ ಮತ್ತು ಹೆಸರು ಎರಡನ್ನೂ ಕೊಟ್ಟರೆ ಒಂದೇ ಪ್ರಶ್ನೆಯಲ್ಲಿ ಕೆಲಸ ಮುಗಿಯುತ್ತದೆ. ಶೀರ್ಷಿಕೆಯೊಳಗೇ ಕೋಲನ್ ಅಥವಾ ಆವರಣ ಇದ್ದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡುವುದನ್ನು ಮಾತ್ರ ಮರೆಯಬಾರದು, ಇಲ್ಲವಾದರೆ ಸರ್ವರ್ ಅದನ್ನು ಫೀಲ್ಡಿನ ಹೆಸರೆಂದು ತಿಳಿಯುತ್ತದೆ.

ಇನ್ನೊಂದು ಮಾತು: ಲಿಂಕುಗಳನ್ನು ಕೈಯಲ್ಲಿ ಕಟ್ಟುವ ಬದಲು ಆರ್ಕೈವ್‌ನವರೇ ಕೊಡುವ ಪೈಥಾನ್ ಲೈಬ್ರರಿಯನ್ನು ಬಳಸಿ. ಅದರ ಜೊತೆ ‘ಐಎ’ ಎಂಬ ಎರಡಕ್ಷರದ ಕಮಾಂಡೂ ಬರುತ್ತದೆ. ಟರ್ಮಿನಲ್‌ನಲ್ಲಿಯೇ ಹುಡುಕಲು, ದಾಖಲೆ ನೋಡಲು, ಕಡತ ಇಳಿಸಲು ಅದೊಂದೇ ಸಾಕು. ಕನ್ನಡದ ಒಂದೊಂದು ಅಕ್ಷರವೂ ಲಿಂಕಿನಲ್ಲಿ ಮೂರು ಬೈಟುಗಳಾಗಿ, ಪ್ರತಿ ಬೈಟೂ ಶೇಕಡಾ ಚಿಹ್ನೆಯೊಂದಿಗೆ ಬರೆಯಲ್ಪಡಬೇಕಾದ್ದರಿಂದ, ಕೈಯಲ್ಲಿ ಕಟ್ಟಿದ ಲಿಂಕು ಎಲ್ಲೋ ಒಂದು ಕಡೆ ಮುರಿಯುವ ಸಂಭವ ಹೆಚ್ಚು.

ಗ್ರಂಥಪಾಲಕಿ

ಪಡಸಾಲೆಯವರ ವಿಧಾನ ಶೀರ್ಷಿಕೆಯಲ್ಲಿ ಅಥವಾ ವಿಷಯದಲ್ಲಿ ‘ಯಕ್ಷಗಾನ’ ಎಂಬ ಪದ ಇರುವ ಪುಸ್ತಕಗಳಿಗೆ ಸಾಕು. ಪ್ರಸಂಗ ಪುಸ್ತಕಗಳ ವಿಶೇಷ ತೊಡಕು ಏನೆಂದರೆ, ಮುಖಪುಟದಲ್ಲಿ ಎದ್ದು ಕಾಣುವುದು ಕಥೆಯ ಹೆಸರು. ಯಾವುದೋ ಕಾಳಗ, ಯಾವುದೋ ಕಲ್ಯಾಣ, ಯಾವುದೋ ವಿಜಯ ಎಂದು ಮಾತ್ರ ದಾಖಲಾಗಿರುವ ಪುಸ್ತಕದಲ್ಲಿ ‘ಯಕ್ಷಗಾನ’ ಎಂಬ ಪದ ಎಲ್ಲಿಯೂ ಬರದೇ ಇರಬಹುದು. ಗ್ರಂಥಾಲಯದ ಸೂಚೀಕಾರರು ವಿಷಯ ಶೀರ್ಷಿಕೆಯನ್ನು ನೀಡಿದ್ದರೆ ಈ ಕೊರತೆ ತುಂಬುತ್ತಿತ್ತು. ಸಮೂಹವಾಗಿ ಏರಿಸಿದ ಪುಸ್ತಕಗಳಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ.

ಆರ್ಕೈವ್‌ನಲ್ಲಿರುವ ಹಳೆಯ ಕನ್ನಡ ಪುಸ್ತಕಗಳ ದೊಡ್ಡ ಪಾಲು ಎರಡು ಕಡೆಯಿಂದ ಬಂದದ್ದು ಎಂಬುದನ್ನು ಗಮನದಲ್ಲಿಡಿ. ಒಂದು, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ನಕಲಾದ ಪುಸ್ತಕಗಳು. ಇವುಗಳ ಐಡೆಂಟಿಫೈಯರಿನಲ್ಲಿ ‘ಡಿಎಲ್‌ಐ’ ಮತ್ತು 2015 ಎಂಬ ಇಸವಿ, ಅದರ ನಂತರ ಒಂದು ಕ್ರಮಸಂಖ್ಯೆ ಇರುತ್ತವೆ. ಶೀರ್ಷಿಕೆಗಳು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ, ಕಾಗುಣಿತಕ್ಕೆ ನಿಯಮವಿಲ್ಲ, ದೀರ್ಘ ಸ್ವರಕ್ಕೆ ಒಬ್ಬರು ಎರಡಕ್ಷರ ಹಾಕಿದರೆ ಇನ್ನೊಬ್ಬರು ಒಂದೇ ಹಾಕಿರುತ್ತಾರೆ. ಆದರೆ ಇವುಗಳ ವಿವರಣೆಯ ಫೀಲ್ಡನ್ನು ತಪ್ಪದೆ ನೋಡಿ, ಏಕೆಂದರೆ ಮೂಲ ದಾಖಲೆಯ ಶೀರ್ಷಿಕೆ, ಕರ್ತೃ, ಪ್ರಕಾಶಕರು, ಭಾಷೆ ಎಲ್ಲವೂ ಡಬ್ಲಿನ್ ಕೋರ್ ಎಂಬ ವಿವರಣಾ ಮಾದರಿಯ ರೂಪದಲ್ಲಿ ಅಲ್ಲಿ ಸಾಲಾಗಿ ಉಳಿದುಕೊಂಡಿರುವುದನ್ನು ಅನೇಕ ಕಡೆ ಕಾಣಬಹುದು. ಎರಡನೆಯದು, ಬೆಂಗಳೂರಿನಲ್ಲಿ ಸ್ಕ್ಯಾನ್ ಕೆಲಸ ನಡೆಸುತ್ತಿರುವ ಸರ್ವೆಂಟ್ಸ್ ಆಫ್ ನಾಲೆಜ್ ಸಂಗ್ರಹ. ಸಂಗ್ರಹದ ಹೆಸರೂ ಒಂದು ಫೀಲ್ಡೇ ಆದ್ದರಿಂದ, ಭಾಷೆಯ ಫೀಲ್ಡು ಖಾಲಿಯಿದ್ದರೂ ಸಂಗ್ರಹದ ಮೂಲಕ ಒಳಹೊಕ್ಕು ನೋಡಬಹುದು.

ಪ್ರಸಂಗಪ್ರತಿ

ಎಲ್ಲರ ಉತ್ತರಕ್ಕೂ ಕೃತಜ್ಞತೆಗಳು. ಭಾಷೆಯ ಎಲ್ಲ ರೂಪಗಳನ್ನೂ ‘ಅಥವಾ’ದಿಂದ ಜೋಡಿಸಿ ಕೇಳಿದ ಮೇಲೆ ಪಟ್ಟಿ ಬಹಳ ಬೆಳೆಯಿತು. ಆದರೆ ಈಗ ಎರಡು ಹೊಸ ಪ್ರಶ್ನೆಗಳಿವೆ. ಪುಟದಿಂದ ಪುಟಕ್ಕೆ ಮುಂದುವರಿಯುತ್ತ ಹೋದಂತೆ ಒಂದು ಹಂತದಲ್ಲಿ ಸರ್ವರ್ ದೋಷ ತೋರಿಸಿ ನಿಲ್ಲುತ್ತದೆ. ಎರಡನೆಯದು ಇನ್ನೂ ವಿಚಿತ್ರವಾಗಿದೆ: ನನ್ನ ಬಳಿಯಿರುವ ಪಟ್ಟಿಯ ‘ಕಾರ್ತವೀರ್ಯ’ ಮತ್ತು ಅಲ್ಲಿಂದ ಬಂದ ಹೆಸರಿನಲ್ಲಿರುವ ‘ಕಾರ್ತವೀರ್ಯ’ ಒಂದೇ ಪದವಾಗಿದ್ದರೂ ಪೈಥಾನ್ ಇವೆರಡೂ ಬೇರೆ ಎನ್ನುತ್ತದೆ. ಅಲ್ಲಿನದರಲ್ಲಿ ಅರ್ಕಾವತ್ತಿನ ಬದಲು ರಕಾರದ ಕೆಳಗೆ ಯಕಾರದ ಒತ್ತು ಕಾಣಿಸುತ್ತದೆ.

ಹಲಂತ

ಎರಡನೆಯದಕ್ಕೆ ನಾನು ಉತ್ತರಿಸುತ್ತೇನೆ. ಕನ್ನಡದಲ್ಲಿ ರಕಾರ, ಹಲಂತ (್ ಚಿಹ್ನೆ), ಯಕಾರ ಎಂದು ನೇರವಾಗಿ ಬರೆದರೆ ಅರ್ಕಾವತ್ತು ಮೂಡುತ್ತದೆ. ಹಳೆಯ ಮುದ್ರಣದಂತೆ ರಕಾರವನ್ನು ಪೂರ್ತಿ ಉಳಿಸಿ ಕೆಳಗೆ ಒತ್ತು ಬರಬೇಕೆಂದು ಬಯಸುವವರು ನಡುವೆ ಝಡ್‌ಡಬ್ಲ್ಯೂಜೆ ಎಂಬ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಸೇರಿಸುತ್ತಾರೆ. ಅದನ್ನು ಹಲಂತದ ಮೊದಲು ಇಡುವುದು ಯೂನಿಕೋಡ್ ಹೇಳುವ ಕ್ರಮ, ಆದರೆ ಹಲಂತದ ನಂತರ ಇಟ್ಟಿರುವ ಬರಹಗಳೂ ಧಾರಾಳವಾಗಿ ಸಿಗುತ್ತವೆ. ಹೀಗಾಗಿ ‘ವೀರ್ಯ’ ಎಂಬ ಪದ ಯಂತ್ರದ ಮಟ್ಟಿಗೆ ಮೂರು ಬೇರೆ ಪದ. ‘ಸೂರ್ಯ’, ‘ಆಚಾರ್ಯ’, ‘ಕಾರ್ಯ’ ಎಲ್ಲಕ್ಕೂ ಇದೇ ಕಥೆ.

ಇದಲ್ಲದೆ ಕೂಡಿಸಿ ಬರೆಯುವ ಸ್ವರಚಿಹ್ನೆಗಳ ಗೊಂದಲವಿದೆ. ‘ಕೊ’ ಎಂಬುದರ ಒಕಾರ ಚಿಹ್ನೆಗೆ ಯೂನಿಕೋಡಿನಲ್ಲಿ ಸ್ವಂತ ಸ್ಥಾನವಿದೆ. ಎಕಾರ ಮತ್ತು ಊಕಾರ ಚಿಹ್ನೆಗಳನ್ನು ಒಂದರ ಹಿಂದೆ ಒಂದಿಟ್ಟರೂ ಅದೇ ಆಕಾರ ಮೂಡುತ್ತದೆ, ಮತ್ತು ಯೂನಿಕೋಡ್ ಇವೆರಡನ್ನೂ ಸಮಾನವೆಂದೇ ಪರಿಗಣಿಸುತ್ತದೆ. ‘ಕೀ’, ‘ಕೇ’, ‘ಕೈ’, ‘ಕೋ’ಗಳಿಗೂ ಹೀಗೆಯೇ ಬಿಡಿಸಿದ ರೂಪಗಳಿವೆ. ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣ ಇವುಗಳನ್ನು ಒಂದುಗೂಡಿಸುತ್ತದೆ, ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ಅದು ಒಂದೇ ಸಾಲಿನ ಕೆಲಸ. ಆದರೆ ಎನ್‌ಎಫ್‌ಸಿ ಝಡ್‌ಡಬ್ಲ್ಯೂಜೆಯನ್ನು ತೆಗೆಯುವುದಿಲ್ಲ, ಆದ್ದರಿಂದ ಅದನ್ನು ನೀವೇ ತೆಗೆಯಬೇಕು.

ಎಚ್ಚರಿಕೆಯ ಮಾತೊಂದಿದೆ. ತೆಗೆಯುವುದು ಹೋಲಿಕೆಯ ಕೀಲಿಯಲ್ಲಿ ಮಾತ್ರ ಇರಲಿ, ಓದುಗರಿಗೆ ತೋರಿಸುವ ಶೀರ್ಷಿಕೆಯಲ್ಲಿ ಬೇಡ. ‘ಸಾಫ್ಟ್‌ವೇರ್’ ಎಂಬ ಪದದ ನಡುವಿನ ಝಡ್‌ಡಬ್ಲ್ಯೂಎನ್‌ಜೆಯನ್ನು (ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಇನ್ನೊಂದು ಕಾಣದ ಅಕ್ಷರ) ತೆಗೆದುಬಿಟ್ಟರೆ ಟಕಾರದ ಕೆಳಗೆ ವಕಾರ ಜೋತುಬಿದ್ದು ನೋಡಲಾಗದಂತೆ ಆಗುತ್ತದೆ. ಪ್ರತಿ ದಾಖಲೆಗೂ ಮೂಲ ಶೀರ್ಷಿಕೆ ಒಂದು ಕಡೆ, ಹೋಲಿಕೆಗೆಂದು ಶುದ್ಧಗೊಳಿಸಿದ ಶೀರ್ಷಿಕೆ (ಅದೇ ಕೀಲಿ) ಇನ್ನೊಂದು ಕಡೆ ಇರಲಿ. ಕೀಲಿ ಮಾಡುವಾಗಲೇ ಕನ್ನಡ ಅಂಕಿಗಳನ್ನು ಇಂಗ್ಲಿಷ್ ಅಂಕಿಗಳಿಗೆ ಬದಲಿಸಿಕೊಳ್ಳಿ, ‘ಪ್ರಸಂಗ’ ಎಂಬುದನ್ನು ಅನುಸ್ವಾರದ ಬದಲು ಙಕಾರದೊಂದಿಗೆ ಬರೆದ ಹಳೆಯ ರೂಪವನ್ನೂ ಅನುಸ್ವಾರಕ್ಕೇ ತನ್ನಿ.

ಈ ಕಾರಣಕ್ಕೇ ನಾನು ಕಡತಕೋಶ ಅವರ ಪಕ್ಷ. ಈ ಎಲ್ಲ ಭೇದಗಳನ್ನೂ ಸರ್ವರಿಗೆ ಕಳಿಸುವ ಪ್ರಶ್ನೆಯಲ್ಲೇ ತುಂಬಲು ಹೊರಟರೆ ಒಂದು ಹೆಸರಿಗೆ ಹತ್ತು ರೂಪಗಳನ್ನು ಬರೆಯಬೇಕಾಗುತ್ತದೆ, ಆಗಲೂ ಹನ್ನೊಂದನೆಯ ರೂಪ ತಪ್ಪಿಸಿಕೊಂಡಿರುತ್ತದೆ.

ಕಡತಕೋಶ

ಪುಟಗಳ ಪ್ರಶ್ನೆಗೆ: ಸುಧಾರಿತ ಹುಡುಕಾಟದ ಎಪಿಐ 10,000 ಫಲಿತಾಂಶಗಳಾಚೆ ಪುಟ ತಿರುಗಿಸಲು ಬಿಡುವುದಿಲ್ಲ. ಅದನ್ನು ಮೀರಿದ ಪಟ್ಟಿಗೆ ಸ್ಕ್ರೇಪ್ ಎಪಿಐ ಎಂಬ ಬೇರೆ ದಾರಿಯಿದೆ. ಅಲ್ಲಿ ಪುಟಸಂಖ್ಯೆ ಇರುವುದಿಲ್ಲ. ಪ್ರತಿ ಉತ್ತರದ ಜೊತೆಗೂ ಕರ್ಸರ್ ಎಂಬ ಗುರುತು ಬರುತ್ತದೆ, ಮುಂದಿನ ಕಂತನ್ನು ಕೇಳುವಾಗ ಅದನ್ನು ಹಾಗೆಯೇ ಹಿಂತಿರುಗಿಸಬೇಕು. ಕರ್ಸರ್ ಬರದಿದ್ದರೆ ಪಟ್ಟಿ ಮುಗಿಯಿತೆಂದು ಅರ್ಥ. ಒಂದು ಕಂತಿನಲ್ಲಿ ಕನಿಷ್ಠ 100 ದಾಖಲೆಗಳನ್ನು ಕೇಳಬೇಕೆಂಬ ನಿಯಮವಿದೆ, ಹತ್ತನ್ನು ಕೇಳಿ ಪರೀಕ್ಷಿಸೋಣವೆಂದರೆ ದೋಷವೇ ಬರುತ್ತದೆ. ಒಟ್ಟು ಎಷ್ಟಿವೆ ಎಂದು ಮಾತ್ರ ತಿಳಿಯಬೇಕಾದರೆ ಅದಕ್ಕೊಂದು ಪ್ರತ್ಯೇಕ ಆಯ್ಕೆಯೂ ಇದೆ. ಇಳಿಸಲು ಆರಂಭಿಸುವ ಮೊದಲು ಅದನ್ನು ಕೇಳಿಟ್ಟುಕೊಂಡು, ಮುಗಿದ ಮೇಲೆ ನಿಮ್ಮಲ್ಲಿರುವ ಸಾಲುಗಳ ಸಂಖ್ಯೆಯೊಂದಿಗೆ ಹೋಲಿಸಿ ನೋಡಿ.

ಇನ್ನು ಒಂದೊಂದೇ ದಾಖಲೆಯನ್ನು ತರಿಸುವ ಹಂತ. ಇಲ್ಲಿ ಹೊಸಬರ ಸ್ಕ್ರಿಪ್ಟುಗಳು ಮುಗ್ಗರಿಸುವ ಜಾಗಗಳು ನನಗೆ ಚೆನ್ನಾಗಿ ಗೊತ್ತು. ಐಡೆಂಟಿಫೈಯರ್ ತಪ್ಪಾಗಿದ್ದರೆ ಮೆಟಾಡೇಟಾ ಎಪಿಐ 404, ಅಂದರೆ ‘ಸಿಗಲಿಲ್ಲ’, ಎಂದು ಹೇಳುವುದಿಲ್ಲ. 200 ಎಂಬ ಯಶಸ್ಸಿನ ಸಂಕೇತದೊಂದಿಗೇ ಖಾಲಿ ಜೆಸನ್ ಒಂದನ್ನು ಕಳಿಸುತ್ತದೆ, ಆದ್ದರಿಂದ ಸಂಕೇತವನ್ನು ನಂಬದೆ ಒಳಗೆ ಏನಾದರೂ ಇದೆಯೇ ಎಂದು ನೋಡಬೇಕು. ಎರಡನೆಯದಾಗಿ, ಒಂದೇ ಮೌಲ್ಯವಿರುವ ಫೀಲ್ಡು ಬಿಡಿ ಪಠ್ಯವಾಗಿ ಬರುತ್ತದೆ, ಹಲವು ಮೌಲ್ಯಗಳಿದ್ದರೆ ಅದೇ ಫೀಲ್ಡು ಪಟ್ಟಿಯಾಗಿ ಬರುತ್ತದೆ. ವಿಷಯದ ಫೀಲ್ಡಿನಲ್ಲಿ ‘ಯಕ್ಷಗಾನ’ ಒಂದೇ ಇರುವ ಪುಸ್ತಕದ ಮೇಲೆ ಪಟ್ಟಿಯ ಲೂಪನ್ನು ಓಡಿಸಿದರೆ ಯ, ಕ, ಹಲಂತ, ಷ ಎಂದು ಒಂದೊಂದು ಅಕ್ಷರವೂ ಒಂದೊಂದು ವಿಷಯವಾಗಿ ನಿಮ್ಮ ಕೋಷ್ಟಕದಲ್ಲಿ ಸಾಲುಗಟ್ಟುತ್ತದೆ. ತರಿಸಿದ ಕೂಡಲೇ ಎಲ್ಲವನ್ನೂ ಪಟ್ಟಿಯಾಗಿಸುವ ಸಣ್ಣ ಫಂಕ್ಷನ್ ಒಂದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮೂರನೆಯದು ಕಡತಗಳ ವಿಷಯ. ದಾಖಲೆಯಲ್ಲಿ ವಸ್ತು ಯಾವ ಸರ್ವರಿನ ಯಾವ ಫೋಲ್ಡರಿನಲ್ಲಿದೆ ಎಂಬುದು ಕಾಣುತ್ತದೆ, ಆದರೆ ಆ ವಿಳಾಸವನ್ನು ಬರೆದಿಟ್ಟುಕೊಳ್ಳಬೇಡಿ, ಏಕೆಂದರೆ ವಸ್ತುಗಳು ಸರ್ವರಿನಿಂದ ಸರ್ವರಿಗೆ ಸಾಗುತ್ತಿರುತ್ತವೆ. ಡೌನ್‌ಲೋಡ್ ಎಂಬ ಸ್ಥಿರ ದಾರಿಗೆ ಐಡೆಂಟಿಫೈಯರ್ ಮತ್ತು ಕಡತದ ಹೆಸರನ್ನು ಕೊಟ್ಟರೆ ಅದು ಸರಿಯಾದ ಸರ್ವರಿಗೆ ತಾನೇ ದಾಟಿಸುತ್ತದೆ. ಕಡತದ ಹೆಸರನ್ನು ಊಹಿಸಿ ಕಟ್ಟಬೇಡಿ, ದಾಖಲೆಯಲ್ಲಿರುವುದನ್ನೇ ಎತ್ತಿಕೊಳ್ಳಿ. ಏರಿಸಿದವರ ಮೂಲ ಕಡತ ಯಾವುದು, ಆರ್ಕೈವ್ ಅದರಿಂದ ಹುಟ್ಟಿಸಿದ ಕಡತ ಯಾವುದು ಎಂಬುದನ್ನೂ ಪ್ರತಿ ಕಡತದ ಮುಂದೆ ಗುರುತಿಸಿರುತ್ತಾರೆ. ಕೆಲವು ಕಡತಗಳ ಮುಂದೆ ಅವು ಖಾಸಗಿ ಎಂಬ ಗುರುತೂ ಇರುತ್ತದೆ. ಎರವಲಿಗೆ ಮಾತ್ರ ಸಿಗುವ ಪುಸ್ತಕಗಳ ಪಿಡಿಎಫ್‌ಗಳು ಹಾಗಿರುತ್ತವೆ, ಅವನ್ನು ಇಳಿಸಲು ನೋಡಿದರೆ ಅನುಮತಿಯಿಲ್ಲ ಎಂಬ ಉತ್ತರ ಬರುತ್ತದೆ. ಅದು ನಿಮ್ಮ ಸ್ಕ್ರಿಪ್ಟಿನ ದೋಷವಲ್ಲ.

ಪೈಥಾನ್ ಪಡಸಾಲೆ

ಕಥೆಯ ಹೆಸರು ಮಾತ್ರ ಇರುವ ಪುಸ್ತಕಗಳ ವಿಷಯದಲ್ಲಿ ಗ್ರಂಥಪಾಲಕಿಯವರ ಮಾತನ್ನು ಒಪ್ಪುತ್ತೇನೆ, ನಕ್ಷತ್ರ ಚಿಹ್ನೆ ಅಲ್ಲಿ ಏನೂ ಮಾಡಲಾರದು. ಆದರೆ ಅಲ್ಲಿಗೆ ಇನ್ನೊಂದು ದಾರಿಯಿದೆ: ಪಠ್ಯದ ಒಳಗೇ ಹುಡುಕುವುದು. ಪ್ರಸಂಗ ಪುಸ್ತಕವೆಂದ ಮೇಲೆ ಪದ್ಯಗಳ ತಲೆಯಲ್ಲಿ ರಾಗ, ತಾಳ, ಛಂದಸ್ಸುಗಳ ಹೆಸರು ಇದ್ದೇ ಇರುತ್ತದೆ. ಭಾಮಿನಿ, ವಾರ್ಧಕ, ಅಷ್ಟತಾಳ, ಝಂಪೆ ಎಂಬ ಪದಗಳು ಪುಟಪುಟಕ್ಕೂ ಮರಳಿ ಬರುವ ಪುಸ್ತಕ ಪ್ರಸಂಗವಲ್ಲದೆ ಇನ್ನೇನು?

ಇದು ಎಲ್ಲ ಪುಸ್ತಕಗಳಿಗೂ ಆಗುವುದಿಲ್ಲ. ಆರ್ಕೈವ್ ಮೊದಲು ಬಳಸುತ್ತಿದ್ದ ಒಸಿಆರ್ (ಪುಟದ ಚಿತ್ರದಿಂದ ಅಕ್ಷರ ಗುರುತಿಸುವ) ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತಿರಲಿಲ್ಲ. ಆ ಕಾಲದಲ್ಲಿ ಏರಿದ ಪುಸ್ತಕಗಳ ಒಸಿಆರ್ ಫೀಲ್ಡಿನಲ್ಲಿ ಈ ಭಾಷೆಗೆ ಸದ್ಯ ಒಸಿಆರ್ ಸಾಧ್ಯವಿಲ್ಲ ಎಂಬರ್ಥದ ಇಂಗ್ಲಿಷ್ ಒಕ್ಕಣೆ ಇಂದಿಗೂ ಕಾಣಸಿಗುತ್ತದೆ. ಟೆಸರಾಕ್ಟ್ ಎಂಬ ಬೇರೆ ಒಸಿಆರ್ ತಂತ್ರಾಂಶಕ್ಕೆ ಬದಲಾದ ನಂತರದವುಗಳಲ್ಲಿ ಮಾತ್ರ ಕನ್ನಡ ಪಠ್ಯವಿರುತ್ತದೆ, ಯಂತ್ರ ಗುರುತಿಸಿದ ಲಿಪಿ ಮತ್ತು ಭಾಷೆ ಯಾವುವೆಂಬುದೂ ದಾಖಲೆಯಲ್ಲಿ ಸೇರಿರುತ್ತದೆ. ಏರಿಸಿದವರು ಭಾಷೆಯನ್ನು ತಪ್ಪಾಗಿ ಹಾಕಿದ್ದನ್ನು ಹಿಡಿಯಲು ಇದು ಉಪಯುಕ್ತ. ಅಚ್ಚುಮೊಳೆ ಸವೆದ ಪುಟಗಳಲ್ಲಿ ಥಕಾರ ಧಕಾರಗಳೂ ಪಕಾರ ಷಕಾರಗಳೂ ಅದಲುಬದಲಾಗುವುದರಿಂದ, ‘ವಾರ್ಧಕ’ವನ್ನು ಹುಡುಕುವಾಗ ‘ವಾರ್ಥಕ’ವನ್ನೂ ಹುಡುಕಿ.

ಸರ್ವರಿನ ಮೇಲಿನ ಹೊರೆಯ ಬಗ್ಗೆಯೂ ಒಂದು ಮಾತು. ಒಂದರ ಹಿಂದೆ ಒಂದರಂತೆ, ನಡುವೆ ಬಿಡುವು ಕೊಟ್ಟು ಕೇಳಿ. ಸ್ಕ್ರಿಪ್ಟು ತನ್ನ ಹೆಸರನ್ನೂ ನಿಮ್ಮ ಸಂಪರ್ಕವನ್ನೂ ಯೂಸರ್ ಏಜೆಂಟ್ ಸಾಲಿನಲ್ಲಿ ಹೇಳಿಕೊಳ್ಳಲಿ. 429 ಅಥವಾ 503 ಎಂಬ, ಹೊರೆ ಹೆಚ್ಚಾಯಿತೆನ್ನುವ ಸಂಕೇತ ಬಂದರೆ ನಿಲ್ಲಿಸಿ ಕಾಯಬೇಕು. ಕಾಯದೆ ಮತ್ತೆ ಮತ್ತೆ ಬಡಿಯುವ ಸ್ಕ್ರಿಪ್ಟುಗಳಿಂದಲೇ ಎಲ್ಲರಿಗೂ ಮಿತಿಗಳು ಬಿಗಿಯಾಗುವುದು.

ಗ್ರಂಥಪಾಲಕಿ

ಇಸವಿಯನ್ನು ಹೋಲಿಸುವಾಗ ಜಾಗ್ರತೆ ಇರಲಿ. ಪುಸ್ತಕದ ಮೇಲೆ 1928 ಎಂದಷ್ಟೇ ಇದ್ದರೂ ಹುಡುಕಾಟದ ಉತ್ತರದಲ್ಲಿ ಅದು 1928ರ ಜನವರಿ 1 ಎಂಬ ಪೂರ್ಣ ದಿನಾಂಕವಾಗಿ, ಗಂಟೆ ನಿಮಿಷಗಳ ಸಮೇತ ಬರುತ್ತದೆ. ಅದನ್ನು ಪ್ರಕಟಣೆಯ ದಿನವೆಂದು ಪಟ್ಟಿಯಲ್ಲಿ ಬರೆಯಬೇಡಿ. ಆರ್ಕೈವ್‌ನಲ್ಲಿ ಪುಸ್ತಕ ಸಾರ್ವಜನಿಕವಾದ ದಿನಾಂಕ ಬೇರೆಯದೇ ಫೀಲ್ಡಿನಲ್ಲಿರುತ್ತದೆ.

ಶೀರ್ಷಿಕೆ ಹೊಂದಿದ ಮಾತ್ರಕ್ಕೆ ಪುಸ್ತಕ ಒಂದೇ ಎಂದು ತೀರ್ಮಾನಿಸುವುದೂ ಬೇಡ. ಒಂದೇ ಕಥೆಗೆ ಬೇರೆ ಬೇರೆ ಕವಿಗಳ ಪ್ರಸಂಗಗಳಿವೆ, ಒಂದೇ ಪ್ರಸಂಗಕ್ಕೆ ಬೇರೆ ಬೇರೆ ಪ್ರಕಾಶಕರ ಮುದ್ರಣಗಳಿವೆ. ಸ್ಕ್ರಿಪ್ಟು ಸಂಭಾವ್ಯ ಜೋಡಿಗಳನ್ನು ಮುಂದಿಡಲಿ, ಮುಖಪುಟದ ಚಿತ್ರವನ್ನು ನೋಡಿ ಹೌದು ಅಲ್ಲವೆನ್ನುವ ಕೆಲಸ ಪ್ರಸಂಗ ಬಲ್ಲವರಿಗಿರಲಿ.

ಆರ್ಕೈವ್‌ನಲ್ಲಿದೆ ಎಂಬುದು ಹಕ್ಕುಸ್ವಾಮ್ಯ ಮುಗಿದಿದೆ ಎಂಬುದಕ್ಕೆ ಸಾಕ್ಷಿಯಲ್ಲ. ನಮ್ಮ ಕಾನೂನಿನಲ್ಲಿ ಕರ್ತೃ ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷಗಳ ಅವಧಿಯಿದೆ. ಪಟ್ಟಿ ಮಾಡಲು ಅಡ್ಡಿಯಿಲ್ಲ, ಪುಸ್ತಕವನ್ನೇ ಇಳಿಸಿ ಬೇರೆಡೆ ಹಂಚುವ ಮೊದಲು ಯೋಚಿಸಬೇಕು.

ಪ್ರಸಂಗಪ್ರತಿ

ಸ್ಕ್ರೇಪ್ ಎಪಿಐ ಕೆಲಸ ಮಾಡಿತು. ಕೀಲಿಯನ್ನು ಹಲಂತ ಅವರು ಹೇಳಿದಂತೆ ಮಾಡಿದ ಮೇಲೆ ‘ಕಾರ್ತವೀರ್ಯ’ಗಳೆಲ್ಲ ಒಂದೇ ಕಡೆ ಸೇರಿದವು. ಇಂಗ್ಲಿಷ್ ಅಕ್ಷರಗಳ ಶೀರ್ಷಿಕೆಗಳಿಗೆ ದೀರ್ಘಗಳನ್ನು ಕುಗ್ಗಿಸಿ, ಮಹಾಪ್ರಾಣವನ್ನು ಅಲ್ಪಪ್ರಾಣಕ್ಕೆ ಇಳಿಸಿ ಬೇರೆ ಕೀಲಿಯನ್ನು ಮಾಡುತ್ತಿದ್ದೇನೆ. ಇದು ಒರಟು ವಿಧಾನವೆಂದು ಗೊತ್ತಿದೆ, ಆದರೆ ಕೊನೆಯಲ್ಲಿ ಮುಖಪುಟ ನೋಡುವವರು ಇದ್ದಾರೆ.

ಕೊನೆಯದಾಗಿ ಒಂದು ಸಂದೇಹ. ತಿಂಗಳಿಗೊಮ್ಮೆ ಪಟ್ಟಿಯನ್ನು ಹೊಸದಾಗಿಸಲು ಪ್ರತಿ ಸಲವೂ ಎಲ್ಲವನ್ನೂ ಮತ್ತೆ ಇಳಿಸಬೇಕೇ?

ಕಡತಕೋಶ

ಬೇಕಿಲ್ಲ. ಗ್ರಂಥಪಾಲಕಿಯವರು ಹೇಳಿದ ಸಾರ್ವಜನಿಕವಾದ ದಿನಾಂಕದ ಫೀಲ್ಡಿನ ಮೇಲೆ ‘ಇಂದ–ವರೆಗೆ’ ಎಂಬ ವ್ಯಾಪ್ತಿಯ ಷರತ್ತನ್ನು ಹಾಕಬಹುದು. ಹಿಂದಿನ ಸಲ ನಿಲ್ಲಿಸಿದ ದಿನಕ್ಕಿಂತ ಎರಡು ದಿನ ಹಿಂದಿನಿಂದ ಕೇಳಿ, ಐಡೆಂಟಿಫೈಯರ್ ಮೇಲೆ ಪುನರಾವರ್ತನೆಯನ್ನು ತೆಗೆದುಬಿಡಿ. ಇದರಿಂದ ಹೊಸದಾಗಿ ಸೇರಿದವು ಮಾತ್ರ ಸಿಗುತ್ತವೆ, ಹಳೆಯ ದಾಖಲೆಗಳಲ್ಲಿ ಯಾರಾದರೂ ಶೀರ್ಷಿಕೆ ತಿದ್ದಿದ್ದರೆ ತಿಳಿಯುವುದಿಲ್ಲ. ಮೆಟಾಡೇಟಾ ದಾಖಲೆಯಲ್ಲಿ ವಸ್ತು ಕೊನೆಯದಾಗಿ ಬದಲಾದ ಸಮಯವೂ ಇರುತ್ತದೆ, ಆದರೆ ಅದನ್ನು ನೋಡಲು ಒಂದೊಂದನ್ನೂ ತರಿಸಬೇಕು. ಆದ್ದರಿಂದ ಪ್ರಸಂಗವೆಂದು ಈಗಾಗಲೇ ಖಚಿತವಾದವುಗಳಿಗೆ ಮಾತ್ರ ಆಗಾಗ ಹಾಗೆ ಮಾಡಿ, ಪೂರ್ತಿ ಪಟ್ಟಿಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಇಳಿಸಿದರೆ ಸಾಕು. ತೆಗೆದುಹಾಕಲಾದ ವಸ್ತುವಿನ ದಾಖಲೆ ಕೇಳಿದರೆ ಅದನ್ನು ಕತ್ತಲೆಗೆ ಸರಿಸಲಾಗಿದೆ ಎಂಬ ಗುರುತು ಬರುತ್ತದೆ. ನಿಮ್ಮ ಪಟ್ಟಿಯಿಂದ ಅಂಥ ಸಾಲನ್ನು ಅಳಿಸಬೇಡಿ, ‘ಈಗ ಲಭ್ಯವಿಲ್ಲ’ ಎಂದು ಗುರುತು ಹಾಕಿಡಿ, ಏಕೆಂದರೆ ಆ ಪುಸ್ತಕಕ್ಕೆ ಸ್ಕ್ಯಾನ್ ಸರದಿಯಲ್ಲಿ ಮತ್ತೆ ಜಾಗ ಸಿಗಬೇಕಾಗಬಹುದು.

ನಿಮ್ಮ ಕಂಪ್ಯೂಟರಿನಲ್ಲಿರುವ ಸೂಚಿಯ ಪ್ರತಿಯೊಂದನ್ನು ಬೇರೆ ಕಡೆಯೂ ಇಡಿ. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಯಿಂದಾಗಿ ಆರ್ಕೈವ್ ದಿನಗಟ್ಟಲೆ ಮುಚ್ಚಿತ್ತು, ಮತ್ತೆ ತೆರೆದಾಗಲೂ ಮೊದಲಿಗೆ ಓದಲು ಮಾತ್ರ ಅವಕಾಶವಿತ್ತು. ಆ ಅವಧಿಯಲ್ಲಿ ಎಪಿಐಯನ್ನೇ ನೆಚ್ಚಿಕೊಂಡಿದ್ದ ತಾಣಗಳಿಗೆ ತೋರಿಸಲು ಏನೂ ಇರಲಿಲ್ಲ, ಐಡೆಂಟಿಫೈಯರ್ ಮತ್ತು ಶೀರ್ಷಿಕೆಗಳನ್ನು ತಮ್ಮಲ್ಲೇ ಇಟ್ಟುಕೊಂಡಿದ್ದವರು ಕನಿಷ್ಠ ಪಟ್ಟಿಯನ್ನಾದರೂ ತೋರಿಸಬಹುದಿತ್ತು. ಇಂಗ್ಲಿಷ್ ಅಕ್ಷರಗಳ ಕೀಲಿ ಸಿದ್ಧವಾದ ಮೇಲೆ ಅದರ ನಿಯಮಗಳನ್ನು ಇಲ್ಲಿಯೇ ಹಾಕಿ. ಳಕಾರವನ್ನೂ ಲಕಾರವನ್ನೂ ಒಂದೇ ಮಾಡಿದ್ದೀರೋ ಇಲ್ಲವೋ ಎಂಬುದನ್ನು ಮೊದಲು ನೋಡಬೇಕು, ‘ಕಾಳಗ’ ಎಂಬ ಪದವೇ ನಿಮ್ಮ ಶೀರ್ಷಿಕೆಗಳಲ್ಲಿ ಮತ್ತೆ ಮತ್ತೆ ಬರುವಂಥದ್ದು.